ಚೌಕಾಸಿಗೆ ಬಗ್ಗದ ಜೀಪು

ಚೌಕಾಸಿ ಮಾಡದೆ ಕೊಂಡ ವಸ್ತು ನನ್ನದು ಎಂದು ನನಗೆ ಅನ್ನಿಸುವುದೇ ಇಲ್ಲ. ಹೇಳಿದ ಬೆಲೆ ಕೊಟ್ಟು ತಂದ ಟೊಮೆಟೊ ಹಣ್ಣಿನ ಸಾರು ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ಇದನ್ನು ಕೆಲವರು ಜಿಪುಣತನ ಎನ್ನುತ್ತಾರೆ. ನನ್ನ ಹೆಂಡತಿ ಗಿರಿಜೆ ಆ ಕೆಲವರಲ್ಲಿ ಮೊದಲಿಗಳು. ಆದರೆ ಪೀಣ್ಯ ಕೈಗಾರಿಕಾ ಪ್ರದೇಶದ ಎರಡನೇ ಹಂತದಲ್ಲಿ ಒಂದು ಹಳೇ ಲೇತ್ ಮೆಷಿನ್ ಬಾಡಿಗೆಗೆ ಹಿಡಿದು ಶುರು ಮಾಡಿದವನು ನಾನು. ಇವತ್ತು ನನ್ನ ಶೆಡ್ಡಿನಲ್ಲಿ ಹನ್ನೆರಡು ಜನ ಕೆಲಸ ಮಾಡುತ್ತಾರೆ. ಹೇಳಿದ ಬೆಲೆಗೆಲ್ಲ ತಲೆ ಆಡಿಸಿದ್ದರೆ ಇದು ಆಗುತ್ತಿತ್ತೇ? ನಮ್ಮ ರಸ್ತೆಯ ಶೆಡ್ಡುಗಳವರು ಯಾರೇ ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳಲು ಹೊರಟರೂ ಜೊತೆಗೆ ನನ್ನನ್ನು ಕರೆದೊಯ್ಯುತ್ತಾರೆ. ನನಗೆ ಅದರಿಂದ ಸಿಗುವುದು ಒಂದು ಮಸಾಲೆ ದೋಸೆ ಮಾತ್ರ. ಆದರೆ ಬೇರೆಯವರ ದುಡ್ಡು ಉಳಿಸುವಾಗ ಸಿಗುವ ಸಂತೋಷವೇ ಬೇರೆ.

ನೀವು ಕೇಳದಿದ್ದರೂ ಹೇಳಿಬಿಡುತ್ತೇನೆ, ಉಪಯೋಗಕ್ಕೆ ಬರುತ್ತದೆ. ಹಳೇ ಗಾಡಿ ನೋಡಲು ಬೆಳಿಗ್ಗೆಯೇ ಹೋಗಿ. ಹೋದ ತಕ್ಷಣ ಬಾನೆಟ್ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ನೀವು ಬರುವ ಮುಂಚೆಯೇ ಅವರು ಸ್ಟಾರ್ಟ್ ಮಾಡಿ ನೋಡಿದ್ದಾರೆ, ಅಂದರೆ ತಣ್ಣಗಿರುವಾಗ ಅದು ಸುಲಭಕ್ಕೆ ಏಳುವುದಿಲ್ಲ. ಜೇಬಿನಲ್ಲಿ ಒಂದು ಪುಟ್ಟ ಅಯಸ್ಕಾಂತ ಇರಲಿ. ಅದು ಎಲ್ಲಿ ಅಂಟುವುದಿಲ್ಲವೋ ಅಲ್ಲಿ ತಗಡು ತುಕ್ಕು ಹಿಡಿದು ತೂತಾಗಿ, ಮೇಲೆ ಪುಟ್ಟಿ ಎಂಬ ಅಂಟು ಮೆತ್ತಿದ್ದಾರೆ. ಇವೆಲ್ಲಕ್ಕಿಂತ ಮುಖ್ಯ, ಮುಖದಲ್ಲಿ ಆಸೆ ಕಾಣಿಸಬಾರದು. ನಾನಂತೂ ಗಾಡಿಗೆ ಒಂದು ಸುತ್ತು ಹಾಕಿ, ಟೈರಿಗೆ ಮೆಲ್ಲಗೆ ಒದ್ದು, ನಾಲಿಗೆಯಲ್ಲಿ ಲೊಚಗುಟ್ಟಿ, ಸಾವಿನ ಮನೆಗೆ ಬಂದವನ ಹಾಗೆ ಕೈಕಟ್ಟಿ ನಿಲ್ಲುತ್ತೇನೆ. ಆಮೇಲೆ ಒಂದೊಂದೇ ಹುಳುಕು ಎತ್ತುತ್ತೇನೆ. ಇದ್ದದ್ದನ್ನೂ ಎತ್ತುತ್ತೇನೆ, ಇಲ್ಲದ್ದನ್ನೂ ಎತ್ತುತ್ತೇನೆ. ಮಾರುವವನು ಇಲ್ಲ ಎನ್ನಬೇಕು, ನಾನು ಹೌದು ಎನ್ನಬೇಕು, ನಡುವೆ ಎಲ್ಲೋ ಒಂದು ಕಡೆ ಇಬ್ಬರೂ ಟೀ ಕುಡಿಯಬೇಕು. ಇದು ಇಬ್ಬರಿಗೂ ಗೊತ್ತಿರುವ ಆಟ ಎಂದೇ ಒಂದು ಜೀಪು ಕೊಳ್ಳಲು ಹೋಗುವವರೆಗೆ ನಾನು ನಂಬಿದ್ದೆ.

ಇಷ್ಟೆಲ್ಲ ಗಟ್ಟಿಗನಾದ ನನಗೂ ಒಂದು ದೌರ್ಬಲ್ಯವಿದೆ. ಅದು ಹಳೇ ಫೋರ್ ವೀಲ್ ಜೀಪು. ನಾನು ಬೆಳೆದ ಊರಿನಲ್ಲಿ ಜೀಪು ಬಂತೆಂದರೆ ಸರ್ಕಾರ ಬಂತು ಎಂದರ್ಥ. ತಹಶೀಲ್ದಾರರು ಜೀಪಿನಲ್ಲಿ ಬರುತ್ತಿದ್ದರು, ಪೊಲೀಸರು ಜೀಪಿನಲ್ಲಿ ಬರುತ್ತಿದ್ದರು, ಸೊಳ್ಳೆ ಔಷಧ ಹೊಡೆಯುವವರೂ ದನದ ಡಾಕ್ಟರೂ ಜೀಪಿನಲ್ಲೇ. ಒಳ್ಳೆಯದೂ ಕೆಟ್ಟದ್ದೂ ಒಂದೇ ಗಾಡಿಯಲ್ಲಿ ಬಂದು, ಒಂದೇ ಬಗೆಯ ಧೂಳೆಬ್ಬಿಸಿ ಹೋಗುತ್ತಿದ್ದವು. ಮಿಕ್ಕ ಗಾಡಿಗಳಿಗೆ ರಸ್ತೆ ಬೇಕು. ಜೀಪು ಹೋದ ಮೇಲೆ ಅದರ ಹಿಂದೆ ರಸ್ತೆ ಆಗುತ್ತಿತ್ತು. ಈಗ ವೈಟ್‌ಫೀಲ್ಡ್ ಕಡೆ ಎತ್ತರೆತ್ತರದ ಕಾರುಗಳನ್ನು ನೋಡುತ್ತೇನೆ. ಒಳಗೆ ಕಾರ್ಪೆಟ್ಟು, ತಣ್ಣನೆ ಗಾಳಿ, ಹಾಡು. ಒಂದು ಗುಂಡಿ ಬಂದರೆ ಸಾಕು, ಬಾಣಂತಿಯ ಹಾಗೆ ಇಳಿಯುತ್ತವೆ. ಜೀಪಿನಲ್ಲಿ ಇವು ಯಾವುವೂ ಇಲ್ಲ. ಕಿಟಕಿಯೇ ಇಲ್ಲ. ಡೀಸೆಲ್ ಕುಡಿಯುವುದರಲ್ಲಿ ಮೋಸವಿಲ್ಲ, ಬೆನ್ನುಮೂಳೆಗೆ ರಿಯಾಯಿತಿಯಿಲ್ಲ. ಯಾರಾದರೂ ನನ್ನನ್ನು ಕೇಳಿದ್ದರೆ ಖಂಡಿತ ಕೊಳ್ಳಬೇಡಿ ಎಂದೇ ಹೇಳುತ್ತಿದ್ದೆ.

ತುಮಕೂರು ರಸ್ತೆಯಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲ. ನಾಗಸಂದ್ರದ ನಮ್ಮ ಮನೆಯಿಂದ ಶೆಡ್ಡಿಗೆ ಹೋಗುವಷ್ಟರಲ್ಲಿ ಬೆಳಗಿನ ಉಪ್ಪಿಟ್ಟು ಕರಗಿಹೋಗುತ್ತಿತ್ತು. ಸಾಮಾನು ಇಡಲು ಗೋಡೌನ್ ಹುಡುಕಿಕೊಂಡು ಒಂದು ದಿನ ನೆಲಮಂಗಲದ ದಾರಿಯ ಮಾದನಾಯಕನಹಳ್ಳಿಗೆ ಹೋದೆ. ಗೋಡೌನಿನ ಮಾಲೀಕರು ಗಂಗಣ್ಣ ಎಂಬ ಹಿರಿಯರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಸಾಲಾಗಿ ಗೋಡೌನು ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದರು. ಗೋಡೌನು ನನಗೆ ಹಿಡಿಸಲಿಲ್ಲ. ಆದರೆ ಅದರ ಪಕ್ಕದ ಹುಣಸೆ ಮರದ ಕೆಳಗೆ ಒಂದು ಜೀಪು ನಿಂತಿತ್ತು. ಗಂಗಣ್ಣನವರ ತಂದೆ ಮಿಲಿಟರಿ ಹರಾಜಿನಲ್ಲಿ ಹಿಡಿದು ತಂದದ್ದಂತೆ. ಮುಂದಿನ ಗಾಜನ್ನು ಬಾನೆಟ್ ಮೇಲೆ ಮಡಚಿ ಮಲಗಿಸಬಹುದು. ಚಪ್ಪಟೆ ಮಡ್‌ಗಾರ್ಡು, ಅದರ ಮೇಲೆ ಇಬ್ಬರು ಆರಾಮವಾಗಿ ಕೂರಬಹುದು. ಗೇರ್ ಪಕ್ಕದಲ್ಲಿ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಗಿಡ್ಡ ಲಿವರ್. ಅದರ ಗುಂಡು ಅಪ್ಪ ಮಗ ಇಬ್ಬರ ಅಂಗೈ ತಾಗಿ ತಾಗಿ ಗೋಲಿಯಂತೆ ಹೊಳೆಯುತ್ತಿತ್ತು. ಲಾರಿ ತಿರುಗಿಸಲು ಜಾಗ ಸಾಲದು, ಯಾರಾದರೂ ಬಂದರೆ ಕೊಟ್ಟುಬಿಡುತ್ತೇನೆ ಎಂದು ಗಂಗಣ್ಣ ತಾವಾಗಿಯೇ ಹೇಳಿ, ಒಂದು ಬೆಲೆಯನ್ನೂ ಹೇಳಿದರು. ಆ ಕ್ಷಣವೇ ಕೀ ಇಸಿದುಕೊಳ್ಳೋಣ ಅನ್ನಿಸಿತು. ಮುಖದಲ್ಲಿ ಮಾತ್ರ ಏನೂ ತೋರಿಸದೆ, ಬೇಕಿದ್ದರೆ ಭಾನುವಾರ ಬೆಳಿಗ್ಗೆ ಬಂದು ನೋಡುತ್ತೇನೆ ಎಂದು ಬಂದೆ. ಆ ವಾರವೆಲ್ಲ ಲೇತಿನ ಮುಂದೆ ನಿಂತರೂ ಕಣ್ಣಿಗೆ ಕಾಣುತ್ತಿದ್ದುದು ಆ ಗಿಡ್ಡ ಲಿವರು.

ಭಾನುವಾರ ಹೋಗಿ ನನ್ನ ಆಟ ಶುರು ಮಾಡಿದೆ. ಬಾನೆಟ್ ತಣ್ಣಗಿತ್ತು, ಎಂಜಿನ್ ಒಂದೇ ಸಲಕ್ಕೆ ಎದ್ದಿತು. ಅಯಸ್ಕಾಂತ ಎಲ್ಲಿಟ್ಟರೂ ಕಪ್ಪೆಯಂತೆ ಕಚ್ಚಿಕೊಂಡಿತು. ಹಾಗೆಂದು ಬಿಡಲಾಗುತ್ತದೆಯೇ? ಸ್ಟೇರಿಂಗು ಸಡಿಲ, ಆಟವಿದೆ ಎಂದೆ. ಬ್ರೇಕು ಒಂದು ಕಡೆ ಎಳೆಯುತ್ತದೆ ಎಂದೆ. ಗಾಡಿಯ ಅಡಿಯ ಚಾಸಿಯಲ್ಲಿ ಸಣ್ಣ ಬಿರುಕು ಇದ್ದಂತಿದೆ, ಹೆದ್ದಾರಿಯಲ್ಲಿ ಏನಾದರೂ ಆದರೆ ಹೆಂಡತಿ ಮಕ್ಕಳ ಗತಿ ಏನು ಎಂದೆ. ಕೊನೆಯದು ಪೂರ್ತಿ ನನ್ನ ಸ್ವಂತ ಸೃಷ್ಟಿ. ಗಂಗಣ್ಣ ಒಂದಕ್ಕೂ ಎದುರಾಡಲಿಲ್ಲ. ಹೆಗಲ ಮೇಲಿನ ಟವಲಿನಿಂದ ಮುಖ ಒರೆಸಿಕೊಂಡರು. ಆಮೇಲೆ ಜೀಪಿನ ಕೀ ತೆಗೆದು ಜೇಬಿಗೆ ಹಾಕಿಕೊಂಡರು.

"ನೀವು ಮೆಷಿನ್ ಕೆಲ್ಸ ಬಲ್ಲೋರು, ಏಳಿದ್ದು ಒಳ್ಳೇದಾಯ್ತು ಸ್ವಾಮಿ. ನಂಗೆ ಇದೆಲ್ಲ ತಿಳೀದು. ಇಂಗಿರೋ ಗಾಡಿನ ಇನ್ನೊಬ್ರ ಮನೆಗೆ ಕಳ್ಸಿ ನಾನು ಪಾಪ ಕಟ್ಕೊಳಲ್ಲ. ಗುಜರಿಗೆ ಆಕ್ಬಿಡ್ತೀನಿ" ಎಂದರು.

ಇಪ್ಪತ್ತು ವರ್ಷದ ನನ್ನ ಅನುಭವದಲ್ಲಿ ಹೀಗೆ ಯಾರೂ ನನ್ನ ಮಾತನ್ನು ನಂಬಿರಲಿಲ್ಲ. ಅವರು ಆಗಲೇ ಗುಜರಿಯವನಿಗೆ ಫೋನು ಮಾಡಲು ನಂಬರು ಹುಡುಕುತ್ತಿದ್ದರು. ನಾನು ಗಡಬಡಿಸಿ ಮಾತು ತಿರುಗಿಸಿದೆ. ಬಿರುಕು ಅಂದದ್ದು ಬಿರುಕಲ್ಲ, ಬಣ್ಣದ ಗೆರೆ. ಬ್ರೇಕು ಎಂಬುದು ಅರ್ಧ ಗಂಟೆಯ ಕೆಲಸ. ಸ್ಟೇರಿಂಗಿನ ಆಟ ಎಲ್ಲ ಜೀಪಿಗೂ ಹುಟ್ಟುಗುಣ ಎಂದೆ. ಅವರಿಗೆ ನಂಬಿಕೆ ಬರಲಿಲ್ಲ. ಅದಕ್ಕೇ ಇನ್ನೂ ಸ್ವಲ್ಪ ಏರಿಸಿದೆ. ಇಂಥ ತಗಡು ಈಗ ಬರುವುದೇ ಇಲ್ಲ, ಇಂಥ ಎಂಜಿನ್ ಇನ್ನು ಎರಡು ತಲೆಮಾರು ಓಡುತ್ತದೆ, ದುಡ್ಡು ಕೊಟ್ಟರೂ ಸಿಗುವುದಿಲ್ಲ ಎಂದೆಲ್ಲ ಹೊಗಳಿದೆ. ಗಂಗಣ್ಣನವರ ಮುಖ ನಿಧಾನವಾಗಿ ಅರಳಿತು. ಅವರ ತಂದೆ ಹಿಂದೆ ಕೆರೆಯ ಹೂಳಿನಲ್ಲಿ ಸಿಕ್ಕಿಕೊಂಡ ಮರಳು ಲಾರಿಯನ್ನು ಇದೇ ಜೀಪಿನಲ್ಲಿ ಎಳೆದು ಹಾಕಿದ್ದನ್ನೂ, ಹೆರಿಗೆ ನೋವು ಬಂದ ಹೆಂಗಸರನ್ನು ನೆಲಮಂಗಲದ ಆಸ್ಪತ್ರೆಗೆ ಇದರಲ್ಲೇ ಮುಟ್ಟಿಸುತ್ತಿದ್ದುದನ್ನೂ ಹೇಳಿಕೊಂಡರು. ಹೇಳಿ ಮುಗಿಸಿ, ಬಾನೆಟ್ ಮೇಲಿನ ಹುಣಸೆ ಎಲೆಗಳನ್ನು ಟವಲಿನಿಂದ ಕೊಡವಿದರು.

"ಅಂಗಾರೆ ಇಷ್ಟು ಚೆನ್ನಾಗಿರೋದ್ನ ನಾನ್ಯಾಕೆ ಮಾರ್ಲಿ? ಲಾರಿ ಆ ಕಡೆಯಿಂದ ತಿರುಗ್ಲಿ ಬಿಡಿ."

ನಾನು ಮಡ್‌ಗಾರ್ಡಿನ ಮೇಲೆ ಕೂತುಬಿಟ್ಟೆ. ತೆಗಳಿದರೆ ಗುಜರಿಗೆ ಹೋಗುತ್ತದೆ, ಹೊಗಳಿದರೆ ಅವರಲ್ಲೇ ಉಳಿಯುತ್ತದೆ. ನನಗೆ ಗೊತ್ತಿದ್ದ ಚೌಕಾಸಿಯಲ್ಲಿ ಇವೆರಡರ ನಡುವೆ ಮೂರನೆಯ ಮಾತೇ ಇರಲಿಲ್ಲ. ಮುದುಕರ ಮುಖ ನೋಡಿದೆ, ಏನಾದರೂ ಕಳ್ಳಾಟ ಇದೆಯೇ ಎಂದು. ಇರಲಿಲ್ಲ.

"ಗಂಗಣ್ಣೋರೆ, ನಂಗೆ ಈ ಜೀಪು ಇಷ್ಟ ಆಗ್ಬಿಟ್ಟಿದೆ. ನಂಗೆ ಕೊಡಿ" ಎಂದೆ.

ಯಾವುದಕ್ಕೆ ಬೇಕು ಎಂದು ಅವರು ಕೇಳಿದರು. ಊರಿಗೆಲ್ಲ ಮೈಲೇಜು, ಬಿಡಿಭಾಗ, ಮರುಮಾರಾಟದ ಬೆಲೆ ಎಂದು ಉಪದೇಶ ಮಾಡುವ ನಾನು ಮಡ್‌ಗಾರ್ಡನ್ನೊಮ್ಮೆ ಸವರಿದೆ. ಗೊತ್ತಿಲ್ಲ, ಸುಮ್ಮನೆ ಓಡಿಸಬೇಕು ಅನ್ನಿಸುತ್ತಿದೆ ಎಂದೆ. ನಮ್ಮಪ್ಪಂಗೂ ಅಂಗೇ ಆಗಿತ್ತು ಎಂದು ಗಂಗಣ್ಣ ನಕ್ಕು ಕೀ ಕೊಟ್ಟರು. ಮೊದಲ ದಿನ ಹೇಳಿದ್ದ ಬೆಲೆಯನ್ನು ನಾನು ತುಟಿಪಿಟಕ್ಕೆನ್ನದೆ ಕೊಟ್ಟೆ.

ಒಂದು ಷರತ್ತು ಮಾತ್ರ ಇತ್ತು. ಅವರ ತಂದೆಯ ಕಾಲದಿಂದಲೂ ಆ ಊರಿನ ಯಾವ ಗಂಡಿಗೆ ಮದುವೆಯಾದರೂ ಮನೆಯಿಂದ ಚಪ್ಪರದವರೆಗೆ ಈ ಜೀಪಿನಲ್ಲೇ ಹೋಗುವುದು ಪದ್ಧತಿ. ಜೀಪು ಯಾರದ್ದಾದರೂ ಆಗಲಿ, ಮದುವೆಗೆ ಬರಬೇಕು. ಇಲ್ಲಿ ನನ್ನ ಹಳೇ ಬುದ್ಧಿ ಮರಳಿ ಬಂತು. ಊರಿನ ಎಲ್ಲರ ಮದುವೆ ಎಂದರೆ ಕಷ್ಟ, ನನಗೂ ಶೆಡ್ಡು ಇದೆ ಎಂದು ಜಗ್ಗಾಡಿದೆ. ಕೊನೆಗೆ ಗಂಗಣ್ಣ ತಮ್ಮ ದಾಯಾದಿಗಳ ಮನೆಯ ಮದುವೆಗಳಿಗೆ ಮಾತ್ರ ಬಂದರೆ ಸಾಕು ಎಂದು ಇಳಿದುಬಂದರು. ಇಡೀ ಊರನ್ನು ಒಂದು ವಂಶಕ್ಕೆ ಇಳಿಸಿದೆನಲ್ಲ ಎಂದು ಹಿಗ್ಗಿಕೊಂಡು ಜೀಪು ಮನೆಗೆ ತಂದೆ. ದಾಯಾದಿಗಳು ಎಷ್ಟು ಮನೆ ಎಂದು ಕೇಳುವುದೊಂದು ಮರೆತಿತ್ತು. ನೀವು ಯಾವುದೇ ಷರತ್ತಿಗೆ ಒಪ್ಪುವಾಗ ಮೊದಲು ತಲೆ ಎಣಿಸಿ. ಆ ಊರಿನ ಹಳೇ ಮನೆಗಳಲ್ಲಿ ಮುಕ್ಕಾಲು ಪಾಲು ಅವರ ದಾಯಾದಿಗಳೇ.

ಹೀಗಾಗಿ ಲಗ್ನದ ಕಾಲ ಬಂತೆಂದರೆ ನನಗೆ ಭಾನುವಾರವಿಲ್ಲ. ಗಾಡಿಯನ್ನು ಬೇರೆಯವರ ಕೈಗೆ ಕೊಟ್ಟು ಕಳಿಸೋಣವೆಂದರೆ, ಗೇರು ಹಾಕುವಾಗ ಎರಡು ಸಲ ಕ್ಲಚ್ ತುಳಿಯಬೇಕು ಎಂಬುದು ಈಗಿನವರಿಗೆ ಗೊತ್ತಿಲ್ಲ. ಒಮ್ಮೆ ಕರಕರ ಎನ್ನಿಸಿದರೆ ನನ್ನ ಹಲ್ಲು ನೋಯುತ್ತದೆ. ನಾನೇ ಓಡಿಸುತ್ತೇನೆ. ಆ ಊರಿನ ಎಷ್ಟೋ ಮದುವೆ ಆಲ್ಬಮ್ಮುಗಳಲ್ಲಿ ಪೇಟ ಸುತ್ತಿದ ಗಂಡಿನ ಪಕ್ಕದಲ್ಲಿ ಸ್ಟೇರಿಂಗ್ ಹಿಡಿದು ಬೆವರುತ್ತ ಕೂತಿರುವವನು ನಾನು. ಗಂಡುಗಳು ಬದಲಾಗುತ್ತಾರೆ. ಜೀಪು ಕೊಂಡೆಯೋ, ಡ್ರೈವರ್ ಕೆಲಸಕ್ಕೆ ಸೇರಿದೆಯೋ ಎಂದು ಗಿರಿಜೆ ಕೇಳುತ್ತಾಳೆ. ಆದರೂ ಊಟ ಚೆನ್ನಾಗಿರುತ್ತದೆಂದು ರೇಷ್ಮೆ ಸೀರೆ ಉಟ್ಟು ಹಿಂದಿನ ಸೀಟಿನಲ್ಲಿ ಕೂತು ಬರುತ್ತಾಳೆ.

ಹೋದ ವೈಶಾಖದಲ್ಲಿ ಒಂದು ಮದುವೆ. ಹಿಂದಿನ ದಿನ ಜೋರು ಮಳೆ ಬಂದು ಚಪ್ಪರದ ಪಕ್ಕದ ಹೊಲ ಕೆಸರಾಗಿತ್ತು. ಹೆಣ್ಣಿನ ಕಡೆಯವರು ವೈಟ್‌ಫೀಲ್ಡ್ ಕಡೆಯ ಮಹದೇವಪುರದಿಂದ ಬಂದವರು. ನಾಲ್ಕು ಕಾರುಗಳನ್ನು ನೇರ ಆ ಹೊಲಕ್ಕೆ ಇಳಿಸಿ ನಿಲ್ಲಿಸಿದ್ದರು. ಊಟ ಮುಗಿಸಿ ಹೊರಡುವಾಗ ಚಕ್ರಗಳು ಕೂತಲ್ಲೇ ತಿರುಗುತ್ತಿದ್ದವು, ಕೆಸರು ಬೀಗರ ಪಂಚೆಗೆ ಹಾರುತ್ತಿತ್ತು. ನಾನು ಜೀಪಿನ ಹೂವಿನ ಹಾರಗಳನ್ನೂ ಬಿಚ್ಚದೆ ಹೊಲಕ್ಕೆ ಇಳಿಸಿದೆ. ಹಗ್ಗ ಕಟ್ಟಿ, ಗಿಡ್ಡ ಲಿವರ್ ಎಳೆದೆ. ಜೀಪು ಒಮ್ಮೆ ಗುರುಗುಟ್ಟಿತು. ನಾಲ್ಕೂ ಕಾರು ಒಂದಾದ ಮೇಲೊಂದು ದಡಕ್ಕೆ ಬಂದವು. ಆ ಹದಿನೈದು ನಿಮಿಷಕ್ಕೆ ನಾನು ಕೊಟ್ಟ ಬೆಲೆ ಕಡಿಮೆಯೇ ಎನ್ನಿಸಿತು.

ಹೆಣ್ಣಿನ ಸೋದರಮಾವ ಹತ್ತಿರ ಬಂದು, ತೆಂಗಿನಕಾಯಿ ಇದ್ದ ತಾಂಬೂಲದ ಚೀಲವನ್ನೂ ಒಂದು ನೋಟನ್ನೂ ನನ್ನ ಕೈಗಿಟ್ಟು, ತುಂಬಾ ಉಪಕಾರ ಆಯ್ತು ಡ್ರೈವರಣ್ಣ, ಇಟ್ಕೊಳ್ಳಿ ಎಂದರು. ನಾನು ಡ್ರೈವರಲ್ಲ, ಈ ಗಾಡಿಯ ಮಾಲೀಕ, ಪೀಣ್ಯದಲ್ಲಿ ನನ್ನದೇ ಶೆಡ್ಡು ಇದೆ ಎಂದು ಹೇಳಬೇಕಾಗಿತ್ತು. ಹೇಳಲು ಬಾಯಿಯನ್ನೂ ತೆರೆದೆ. ಅಷ್ಟರಲ್ಲಿ ಕಣ್ಣು ನೋಟಿನ ಮೇಲೆ ಬಿತ್ತು.

"ಡೀಸೆಲ್ ರೇಟು ನಿಮಗೆ ಗೊತ್ತಲ್ಲ ಸಾರ್. ನಾಲ್ಕು ಗಾಡಿ ಎಳ್ದಿದೀನಿ, ಇಷ್ಟಕ್ಕೆ ಹೆಂಗೆ?"

ಅವರು ಪೆಚ್ಚಾಗಿ ಇನ್ನೊಂದು ನೋಟು ಸೇರಿಸಿದರು. ಹಿಂದಿನ ಸೀಟಿನಲ್ಲಿ ಗಿರಿಜೆ ಸೆರಗನ್ನು ಮುಖಕ್ಕೆ ಅಡ್ಡ ಹಿಡಿದು, ನನ್ನನ್ನು ಎಂದೂ ಕಂಡಿಲ್ಲದವಳ ಹಾಗೆ ಕೆರೆಯ ಕಡೆ ತಿರುಗಿ ಕೂತಳು. ಆ ಜೀಪಿನ ವಿಷಯದಲ್ಲಿ ನಾನು ಗೆದ್ದ ಚೌಕಾಸಿ ಇಲ್ಲಿಯವರೆಗೆ ಅದೊಂದೇ.