ಕೆಳಗಿನ ಓಣಿ ವಾರ್ಡನ್ನು ನುಂಗಿದವರು

ಸಂಶಯ ಕೆಟ್ಟ ಗುಣ ಎಂದು ಹೇಳುವವರನ್ನು ಕಂಡರೆ ನನಗೆ ಮೊದಲು ಅವರ ಮೇಲೆಯೇ ಸಂಶಯ ಬರುತ್ತದೆ. ಮೆಣಸಿನಕಾಯಿ ವ್ಯಾಪಾರ ಮಾಡುವವನಿಗೆ ಅದಿಲ್ಲದೆ ನಡೆಯುವುದೂ ಇಲ್ಲ. ಗುಡಗೇರಿ ಸಂತೆಯಲ್ಲಿ ಚೀಲದ ಬಾಯಿಗೆ ಕೆಂಪನೆಯ ಕಾಯಿ ಹರಡಿ ತಳಕ್ಕೆ ಬಣ್ಣಗೆಟ್ಟ ಬಿಳಿಗಾಯಿ ತುಂಬುವವರಿಗೆ ಬರವಿಲ್ಲ. ಮೊಳಕೈವರೆಗೆ ಕೈ ಹಾಕಿ ತಳದ ಕಾಯಿ ತೆಗೆದು ನೋಡದೆ ನಾನು ದರ ಮಾತಾಡಿದವನಲ್ಲ. ಈ ಅಭ್ಯಾಸವನ್ನು ಸಂತೆಯಲ್ಲೇ ಬಿಟ್ಟು ಬರಬೇಕಿತ್ತು, ಬರಲಿಲ್ಲ. ಯಾರಾದರೂ ಆರಾಮ ಇದ್ದೀರಾ ಎಂದು ಕೇಳಿದರೂ, ಇವನಿಗೇಕೆ ಬೇಕು ನನ್ನ ಆರಾಮು ಎಂದು ಮನಸ್ಸು ಹುಡುಕಾಡುತ್ತದೆ. ನಾನು ದೇವರ ತೀರ್ಥವನ್ನೂ ಮೂಸಿ ನೋಡಿ ಕುಡಿಯುವವನು ಎಂದು ನನ್ನ ಹೆಂಡತಿ ಗಂಗವ್ವ ಓಣಿಯ ಹೆಂಗಸರ ಮುಂದೆ ಹೇಳುತ್ತಾಳಂತೆ.

ಎಪ್ಪತ್ತರ ದಶಕದ ಮಾತು. ನಮ್ಮೂರ ಪಂಚಾಯತಿಯಲ್ಲಿ ಆಗ ಕೆಳಗಿನ ಓಣಿ ವಾರ್ಡು ಎಂದು ಒಂದಿತ್ತು. ಬಸವಣ್ಣನ ಗುಡಿಯಿಂದ ಹಳ್ಳದ ದಂಡೆಯವರೆಗೆ ಅದರ ಸಾಮ್ರಾಜ್ಯ. ಅದರ ಇತಿಹಾಸವನ್ನು ಯಾರೂ ಬರೆದಿಲ್ಲ. ಬರೆದರೂ ಒಂದು ಪುಟ ದಾಟುವುದಿಲ್ಲ. ಅಲ್ಲಿ ಮತಪೆಟ್ಟಿಗೆ ಇಟ್ಟದ್ದನ್ನು ನಾನು ಕಂಡವನಲ್ಲ. ಹಿರಿಯರು ಮಠದ ಕಟ್ಟೆಯ ಮೇಲೆ ಕುಳಿತು, ಎಲೆ ಅಡಿಕೆ ಹಾಕಿಕೊಂಡು, ಈ ಸಲ ಇಂಥವರು ಎಂದರೆ ಮುಗಿಯಿತು, ಅವರೇ ಅವಿರೋಧ ಮೆಂಬರು. ಉಳಿದ ಆಸೆಬುರುಕರಿಗೆ ಮುಂದಿನ ಸಲ ನೋಡೋಣ ಎಂಬ ಪ್ರಸಾದ. ಮೊದಲು ದೊಡ್ಡ ಗೌಡರಾದರು. ಅವರ ಕಾಲದಲ್ಲಿ ಓಣಿಗೆ ದೀಪದ ಕಂಬ ಬಂತು, ಅವರ ಮನೆಯ ಮುಂದೆಯೇ ಬಂತು. ಆಮೇಲೆ ನಮ್ಮ ಬಾಜು ಮನೆಯ ಬಸವಂತಪ್ಪ ಕಾಕಾ ಆದರು. ಅವರ ಕಾಲದಲ್ಲಿ ಗಟಾರವಾಯಿತು. ಅದು ಅವರ ಬಾಗಿಲಿಂದ ಹೊರಟು ನನ್ನ ಬಾಗಿಲಿಗೆ ಬಂದು ಮುಗಿಯಿತು. ಆ ನೀರು ಮುಂದೆ ಹರಿಯಬೇಕಾದರೆ ನಾನೇ ಮೆಂಬರಾಗಬೇಕು ಎಂದು ಅಂದೇ ತೀರ್ಮಾನಿಸಿದೆ. ವರ್ಷಗಟ್ಟಲೆ ಕಟ್ಟೆಯ ಹಿರಿಯರಿಗೆ ಎಲೆ ಅಡಿಕೆ ಒದಗಿಸಿ, ಕಡೆಗೊಮ್ಮೆ ಈ ಸಲ ನಿನ್ನದು ಎಂಬ ಮಾತು ಪಡೆದೆ. ಖುಷಿಗೆ ಹೊಸ ಜುಬ್ಬಾ ಹೊಲಿಸಿದೆ.

ಜುಬ್ಬಾದ ಗುಂಡಿ ಹಚ್ಚುವಷ್ಟರಲ್ಲಿ ಡಂಗುರ ಬಂತು. ಕೆಳಗಿನ ಓಣಿ ವಾರ್ಡು ರದ್ದು. ಅರ್ಧ ಮೇಲಿನ ಓಣಿಗೆ, ಅರ್ಧ ಪೇಟೆಗೆ. ನನಗೆ ಆ ಮಧ್ಯಾಹ್ನ ರೊಟ್ಟಿ ಸೇರಲಿಲ್ಲ. ಇದು ಕಾಕಾನದೇ ಕೆಲಸ ಎಂಬುದರಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ತನ್ನ ಖುರ್ಚಿ ನನಗೆ ಬರುವುದಕ್ಕಿಂತ ಖುರ್ಚಿಯೇ ಇಲ್ಲದಿರಲಿ ಎಂದು ಮಾಡಿಸಿದ್ದಾನೆ. ಪುರಾವೆಗಳೂ ಇದ್ದವು. ಇಸ್ತ್ರಿಯ ಧೋತರ ಉಟ್ಟು ಎರಡು ಸಲ ತಾಲೂಕು ಕಚೇರಿ ಇರುವ ಕುಂದಗೋಳಕ್ಕೆ ಹೋಗಿದ್ದ. ನಾನು ಕಂಡ ಕೂಡಲೇ ಮಾತು ನಿಲ್ಲಿಸುತ್ತಿದ್ದ. ಮೂರನೆಯ ಸಲ ಅವನು ಬಸ್ಸು ಹತ್ತಿದಾಗ ನಾನೂ ಹಿಂದಿನ ಬಾಗಿಲಿಂದ ಹತ್ತಿ, ಟಾವೆಲ್ಲು ಮುಖಕ್ಕೆ ಸುತ್ತಿಕೊಂಡು ಕುಳಿತೆ. ಕುಂದಗೋಳದಲ್ಲಿ ಇಳಿದ ಕಾಕಾ ನೇರವಾಗಿ ಹಲ್ಲಿನ ಡಾಕ್ಟರರ ಮನೆಗೆ ಹೋದ. ಇದರಲ್ಲೂ ಏನೋ ಇದೆ ಎಂದು ಹೊರಗೆ ಕಾಯುತ್ತ ನಿಂತೆ. ಗಲ್ಲ ಹಿಡಿದುಕೊಂಡು ಹೊರಬಂದವನು ನನ್ನ ಟಾವೆಲ್ಲನ್ನೇ ದಿಟ್ಟಿಸಿ ನೋಡಿದ.

"ಲೇ ತಮ್ಮಾ, ವಾರ್ಡ್ ತಗಸಿದ್ದಲ್ದ ಈಗ ನನ್ನ ಬೆನ್ನನೂ ಹತ್ತೀಯೇನು?" ಅಂದ.

ನಾನು ತಬ್ಬಿಬ್ಬಾದೆ. ಮೇಲಿನ ಓಣಿಯ ನನ್ನ ಷಡ್ಡಕನ ಜೊತೆ ಸೇರಿ ವಾರ್ಡನ್ನು ಒಡೆಸಿದವನು ನಾನೇ ಎಂದು ಅವನು ತಿಂಗಳಿಂದ ನಂಬಿದ್ದನಂತೆ. ಒಬ್ಬರ ಮೇಲೊಬ್ಬರು ಆಣೆ ಮಾಡಿದೆವು, ಒಬ್ಬರನ್ನೊಬ್ಬರು ನಂಬಲಿಲ್ಲ. ಕೊನೆಗೆ ಇಬ್ಬರೂ ಕೂಡಿಯೇ ಪಂಚಾಯತಿ ಕಾರ್ಯದರ್ಶಿಗಳನ್ನು ಕೇಳಲು ಹೋದೆವು. ಕೂಡಿ ಹೋದದ್ದು ಸ್ನೇಹದಿಂದಲ್ಲ, ಮೊದಲು ಹೋದವನು ಅವರನ್ನು ಒಳಗೆ ಹಾಕಿಕೊಂಡಾನು ಎಂಬ ಹೆದರಿಕೆಯಿಂದ.

ಕಾರ್ಯದರ್ಶಿಗಳು ಚಹದ ಬಸಿ ಕೆಳಗಿಟ್ಟು ಹೇಳಿದರು: "ಯಾರೂ ತಗಸಿಲ್ರಿ. ವಾರ್ಡಿಗೆ ಇಷ್ಟ ಮಂದಿ ಇರಬೇಕಂತ ಐತಿ. ಜನಗಣತಿ ಪ್ರಕಾರ ನಿಮ್ಮ ಓಣ್ಯಾಗ ಮಂದೀನ ಇಲ್ಲ."

ಇಬ್ಬರೂ ನೆಲ ನೋಡಿದೆವು. ಜನಗಣತಿಯ ಮಾಸ್ತರರು ಮನೆಮನೆ ಎಣಿಸಲು ಬಂದ ವರ್ಷ ಕಟ್ಟೆಯ ಮೇಲೆ ಒಂದು ಮಾತು ಹುಟ್ಟಿತ್ತು: ಸರಕಾರ ಸುಮ್ಮನೆ ಯಾರನ್ನೂ ಎಣಿಸುವುದಿಲ್ಲ, ಮನೆಗೆ ತೆರಿಗೆಯ ಮನೆಪಟ್ಟಿ ಇದ್ದಂತೆ ಇನ್ನು ತಲೆಗೆ ತಲೆಪಟ್ಟಿಯೂ ಬರುತ್ತದೆ; ಅದು ಬರದಿದ್ದರೆ ಗಂಡಸರನ್ನು ಹಿಡಿದು ಮಕ್ಕಳಾಗದಂತೆ ಆಪರೇಶನ್ ಮಾಡಿಸುತ್ತಾರೆ. ಈ ಮಾತು ಯಾರ ಬಾಯಿಂದ ಹೊರಟಿತು ಎಂದು ಈಗ ಕೆದಕುವುದು ಬೇಡ. ಓಣಿ ಒಂದೇ ದಿನದಲ್ಲಿ ಬರಿದಾಯಿತು. ಸೊಸೆಯಂದಿರೆಲ್ಲ ತವರಿಗೆ ಹೋದರು, ಗಂಡುಮಕ್ಕಳು ಶಲವಡಿಯ ಸೋದರಮಾವಂದಿರ ಮನೆ ಸೇರಿದರು, ಎಲ್ಲವೂ ಬಾಯಿಮಾತಿನಲ್ಲಿ. ಗೌಡರ ಮನೆಯವರು ಮುದುಕಿಯನ್ನು ತೀರಿಕೊಂಡಳೆಂದೇ ಬರೆಸುತ್ತಿದ್ದಾಗ, ಯಾರು ಬಂದಾರ ಎಂದು ಆಕೆ ಒಳಗಿನಿಂದ ಕೇಳುತ್ತಿದ್ದಳಂತೆ. ಕಾಕಾ ಬಣವೆಯ ಹಿಂದಿದ್ದ. ನಾನು ನಮ್ಮ ಮಾಳಿಗೆಯ ಮೇಲೆ, ಒಣಹಾಕಿದ ಮೆಣಸಿನಕಾಯಿಯ ನಡುವೆ, ಸೀನನ್ನು ಮೂಗಿನಲ್ಲೇ ಹಿಸುಕಿಕೊಂಡು ಮಲಗಿದ್ದೆ. ಕೆಳಗೆ ಗಂಗವ್ವ ಮಾಸ್ತರರಿಗೆ ನೀರು ಕೊಟ್ಟು ಮಾತಾಡುತ್ತಿದ್ದಳು. ಹೀಗೆ ಹಾಡುಹಗಲೇ ನಮ್ಮ ವಾರ್ಡನ್ನು ನಾವೇ ನುಂಗಿ ನೀರು ಕುಡಿದಿದ್ದೆವು.

ಮನೆಗೆ ಬಂದು, ಅಂದು ಮಾಸ್ತರರಿಗೆ ನೀನು ಏನು ಹೇಳಿದ್ದೆ ಎಂದು ಗಂಗವ್ವನನ್ನು ಕೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ನೀವ ಕಲಿಸಿದ್ದು ಹೇಳೀನಿ. ನಮ್ಮ ಮನ್ಯಾಗ ಗಂಡಸರು ಯಾರೂ ಇಲ್ರಿ ಅಂತ. ಇಲ್ಲದಾವ್ರು ಮೆಂಬರ್ ಹೆಂಗಾಗ್ತೀರಿ? ಕೈಕಾಲು ತೊಳಕೊಂಡು ಉಣ್ಣಾಕ ಬರ್ರಿ."

ಉಂಡೆ. ಕಾಕಾನ ಮೇಲಿನ ಸಂಶಯ ಹೋಯಿತು, ಸರಕಾರದ ಮೇಲಿನದೂ ಸ್ವಲ್ಪ ಇಳಿಯಿತು. ಆದರೆ ರಾತ್ರಿ ಹಾಸಿಗೆಯಲ್ಲಿ ಇನ್ನೊಂದು ಹುಟ್ಟಿ, ಇಂದಿಗೂ ಹೋಗಿಲ್ಲ. ಮದುವೆಯಾದಾಗಿನಿಂದ ನಾನು ಹೇಳಿದ ಒಂದು ಮಾತನ್ನೂ ಹೇಳಿದಂತೆ ಕೇಳಿದವಳಲ್ಲ ಇವಳು. ಅದೊಂದು ದಿನ ಮಾತ್ರ ಒಂದಕ್ಷರ ಆಚೀಚೆ ಮಾಡದೆ ಒಪ್ಪಿಸಿದ್ದಳಲ್ಲ, ಯಾಕೆ?