ವೆಟಾ ಹೋಟೆಲ್: ಕೊಠಡಿ ಖಾಲಿ ಇಲ್ಲ

ವೈಪೋರಾ ಪಟ್ಟಣದಲ್ಲಿ ಹೋಟೆಲ್ ಎಂದು ಬೋರ್ಡು ಹಾಕಿರುವ ಯಾವುದೇ ಸ್ಥಳವು ಹೋಟೆಲ್ ಆಗಿರತಕ್ಕದ್ದು. ಇದು ಪುರಸಭೆಯ ನಲವತ್ತೊಂದನೇ ಉಪನಿಯಮ. ಟೈಪ್ ಮಾಡಿದವನು ನಾನೇ ಆದ್ದರಿಂದ ಅದರಲ್ಲಿ ತಪ್ಪಿರುವ ಸಂಭವವಿಲ್ಲ.

ಶಾಲೆಯಲ್ಲಿ ಅಡುಗೆ ಮಾಡಿ ನಿವೃತ್ತರಾದ ಹುಹಾನಾ ಆಂಟಿ ತಮ್ಮ ಹಿತ್ತಿಲ ಮರಕ್ಕೊಂದು ದಿಮ್ಮಿ ಕಟ್ಟಿದ್ದರು. ಅದಕ್ಕೆ ಹನ್ನೆರಡು ತೂತು, ತೂತಿನೊಳಗೆ ವೆಟಾಗಳು. ರೆಕ್ಕೆಯಿಲ್ಲ, ಹೆಬ್ಬೆರಳಿನಷ್ಟು ದಪ್ಪ, ಕಾಲೆಲ್ಲ ಮುಳ್ಳು. ಮಿಡತೆ, ಚಿಮ್ಮಂಡೆಗಳ ದಾಯಾದಿಗಳು. ಇಂಥ ದಿಮ್ಮಿಗೆ ನಮ್ಮಲ್ಲಿ ಎಲ್ಲರೂ ವೆಟಾ ಹೋಟೆಲ್ ಎನ್ನುತ್ತಾರೆ. ಎನ್ನಲಿ, ಬಾಯಿಗೆ ನಿಯಮವಿಲ್ಲ. ಆದರೆ ಆಂಟಿ ಅದನ್ನು ಹಲಗೆಯ ಮೇಲೆ ಬರೆದು ಗೇಟಿಗೆ ನೇತುಹಾಕಿದರು.

ಮರುದಿನ ಬೆಳಿಗ್ಗೆಯೇ ವಸತಿಗೃಹ ತಪಾಸಣಾಧಿಕಾರಿ ಗ್ರೇಮ್ ಹೊರಟ. ಬರೆದುಕೊಳ್ಳಲು ಜೊತೆಗೆ ನಾನು.

"ಆಂಟಿ, ಲೈಸೆನ್ಸ್ ಇಲ್ದೆ ಹೋಟೆಲ್ ನಡೆಸ್ತಿದೀರಿ. ಬೋರ್ಡು ಈಗ ತೆಗೆದ್ರೂ ಅಷ್ಟೇ, ದಾಖಲೆಗೆ ಹೋಗಾಯ್ತು. ಏಳು ದಿನದೊಳಗೆ ಸರಿ ಮಾಡ್ದಿದ್ರೆ ದಿಮ್ಮಿ ಕಿತ್ತುಹಾಕ್ತೀವಿ."

"ಅಯ್ಯೋ ನಿನ್ನ! ಹುಳ ಕಣೋ ಅವು!"

"ಅತಿಥಿಗಳಲ್ಲಿ ನಾವು ಭೇದ ಮಾಡಲ್ಲ ಆಂಟಿ."

ಆಂಟಿಗೆ ನಿಜವಾಗಿಯೂ ಗಾಬರಿಯಾಯಿತು. "ಆ ಗುಡ್ಡ ನೋಡೋ, ಬೋಳು ಬೋಳು. ಹೋದ ಚಳಿಗಾಲದ ಮಳೆಗೆ ಮಣ್ಣು ಜಾರಿ ನನ್ನ ಅಡುಗೆಮನೆ ಬಾಗ್ಲಿಗೆ ಬಂತು. ಇವು ಹಣ್ಣು ತಿಂದು ಹೋದಲ್ಲೆಲ್ಲ ಬೀಜ ಹಾಕ್ತಾವೆ, ಹಿಕ್ಕೆ ಗೊಬ್ಬರ ಆಗತ್ತೆ. ಆಗ್ಲೇ ಮೂವತ್ತು ಕೊಟುಕುಟುಕು ಹಣ್ಣಿನ ಸಸಿ ಎದ್ದಿದೆ. ಇವನ್ನ ಓಡ್ಸಿದ್ರೆ ಗುಡ್ಡ ಬಂದು ನನ್ನ ಮನೇಲಿ ಕೂರತ್ತೆ!"

"ಗುಡ್ಡ ಬಂದ್ರೆ ಅದರ ಹೆಸರೂ ರಿಜಿಸ್ಟರ್‌ನಲ್ಲಿ ಬರೀಬೇಕಾಗತ್ತೆ" ಎಂದ ಗ್ರೇಮ್.

ತಪಾಸಣೆ ಕ್ರಮಬದ್ಧವಾಗಿ ನಡೆಯಿತು. ಹನ್ನೆರಡು ಕೊಠಡಿಯೂ ಭರ್ತಿ. ಮೂರನೆಯದರಲ್ಲಿ ಒಬ್ಬ ಗಂಡಸು, ಐವರು ಹೆಂಗಸರು. ಗ್ರೇಮ್ ಕೆಮ್ಮಿ, "ಅವಿಭಕ್ತ ಕುಟುಂಬ ಅಂತ ಬರ್ಕೋ" ಎಂದ. ಅಷ್ಟರಲ್ಲಿ ಆ ಗಂಡಸು ಕಾಲು ಉಜ್ಜಿ ಕರ್ರ್ ಎಂದಿತು. ಸೇವೆ ಸರಿಯಿಲ್ಲವೆಂದು ಅತಿಥಿಯ ದೂರು, ಎಂದು ಅದನ್ನೂ ಬರೆದುಕೊಂಡೆ.

"ಸ್ವಾಗತ ಕೌಂಟರ್ ಎಲ್ಲಿದೆ? ತಿಂಡಿ ಕೋಣೆ? ಸಾಮಾನು ಇಡೋ ಜಾಗ?"

"ನನ್ನ ಮನೇನೇ ಬರ್ಕೊಳ್ರೋ, ಪೀಡೆ ತೊಲಗ್ಲಿ!"

ಬರೆದುಕೊಂಡೆವು. ಹಜಾರವು ಸ್ವಾಗತ ಕೌಂಟರ್, ಅಡುಗೆಮನೆಯು ತಿಂಡಿ ಕೋಣೆ, ಮಲಗುವ ಕೋಣೆಯು ಸಾಮಾನು ದಾಸ್ತಾನು. ಆಂಟಿ ಸಹಿ ಹಾಕಿದರು. ಲೈಸೆನ್ಸ್ ಅಂದೇ ಕೊಟ್ಟೆವು. ನಮ್ಮ ಕಚೇರಿಯಲ್ಲಿ ವಿಳಂಬ ಎಂಬುದಿಲ್ಲ.

ಮುಂದಿನ ವಾರದ ತಪಾಸಣೆಯಲ್ಲಿ ಸ್ವಾಗತ ಕೌಂಟರಿನ ಸೋಫಾದ ಮೇಲೆ ಅಪರಿಚಿತ ಮಹಿಳೆಯೊಬ್ಬರು ಟೋಸ್ಟ್ ತಿನ್ನುತ್ತಿದ್ದುದು ಕಂಡುಬಂತು. ನೋಡಿದರೆ ಹುಹಾನಾ ಆಂಟಿ.

"ನಿಮ್ಮದು ಯಾವ ಕೊಠಡಿ ಆಂಟಿ?"

"ತಲೆ ನೆಟ್ಟಗಿದ್ಯೇನೋ? ನನ್ನ ಮನೆ ಇದು!"

"ಹೋಟೆಲಲ್ಲಿ ಇರ್ಬೇಕಾದ್ರೆ ಕೊಠಡಿ ಬುಕ್ ಆಗಿರ್ಬೇಕು. ಹನ್ನೆರಡೂ ಭರ್ತಿ."

"ಹಾಗಾದ್ರೆ ಒಂದು ವೆಟಾನ ಎಬ್ಸು!"

"ಮೊದ್ಲು ಬಂದೋರನ್ನ ಎಬ್ಸೋಕೆ ಅವಕಾಶ ಇಲ್ಲ. ಬೇಕಿದ್ರೆ ಲೈಸೆನ್ಸ್ ವಾಪಸ್ ಕೊಡಿ, ದಿಮ್ಮಿ ಬಿಚ್ಚಿ ತಗೊಂಡ್ಹೋಗ್ತೀವಿ."

ಆಂಟಿ ಕಿಟಕಿಯಿಂದ ಗುಡ್ಡದ ಸಸಿಗಳನ್ನು ನೋಡಿದರು. ಕಣ್ಣು ತುಂಬಿಕೊಂಡಿತು. ನನಗೂ ಬಹಳ ಸಂಕಟವಾಯಿತು. ಆದರೆ ಸಂಕಟಕ್ಕೆ ಅರ್ಜಿ ನಮೂನೆಯಿಲ್ಲದ ಕಾರಣ ಅದನ್ನು ದಾಖಲಿಸಲಿಲ್ಲ. ಸಂಜೆಯೊಳಗೆ ಅವರು ಅಂಗಳದಲ್ಲಿ ಟೆಂಟ್ ಹಾಕಿಕೊಂಡರು. ಕಾಯುವವರ ಪಟ್ಟಿಯಲ್ಲಿ ಒಂದನೇ ನಂಬರ್ ಅವರದೇ. ಆ ಗೌರವದಲ್ಲಿ ನಾವು ಲೋಪ ಮಾಡಲಿಲ್ಲ.

ಹತ್ತನೇ ದಿನ ಏಳನೇ ಕೊಠಡಿಯ ಅತಿಥಿಯನ್ನು ರುರು ಗೂಬೆ ತಿಂದುಬಿಟ್ಟಿತು. ಲೆಕ್ಕದಲ್ಲಿ ಇದನ್ನು 'ತಿಳಿಸದೆ ಹೊರಟುಹೋದವರು' ಎಂದು ತೋರಿಸಲಾಗಿದೆ. ಸುದ್ದಿ ಹೇಳಲು ನಾನೇ ಓಡಿದೆ. ಆಂಟಿ ತಲೆ ಬಾಚಿಕೊಂಡು, ಚೀಲ ಹಿಡಿದು, ಅರ್ಜಿ ತುಂಬಲು ಕೂತರು. ಮೂರನೇ ಪುಟಕ್ಕೆ ಬರುವಷ್ಟರಲ್ಲಿ ಹೊಸ ವೆಟಾ ಒಂದು ಏಳನೇ ತೂತಿಗೆ ಹಿಮ್ಮುಖವಾಗಿ ಸರಿದು ಕೂತಿತ್ತು. ಅದರ ಅರ್ಜಿಯನ್ನು ನಾನೇ ತುಂಬಿದೆ, ಅದಕ್ಕೆ ಓದು ಬರಹ ಬಾರದು.

ಸದಾ ಭರ್ತಿಯಾಗಿರುವ ಹೋಟೆಲ್ ಎಂದರೆ ಅಲ್ಲಿ ಏನೋ ಇರಲೇಬೇಕಲ್ಲ! ಊರಿನವರು ಹೆಸರು ಕೊಡತೊಡಗಿದರು. ಪಟ್ಟಿಯಲ್ಲಿ ಈಗ ನಲವತ್ತು ಜನ. ಎರಡನೆಯವನು ಗ್ರೇಮ್. ಮೊನ್ನೆ ಭಾನುವಾರ ಫೆಜೋವಾ ಹಣ್ಣಿನ ಜಾಮ್ ಡಬ್ಬಿ ಹಿಡಿದು ಟೆಂಟಿನ ಮುಂದೆ ನಿಂತಿದ್ದ.

"ಆಂಟಿ, ನಿಮ್ಮ ಒಂದನೇ ನಂಬರ್ ನಂಗೆ ಬಿಟ್ಕೊಡ್ತೀರಾ? ಬದಲಿಗೆ ನನ್ನ ಮನೆ ತಗೊಳ್ಳಿ. ಮೂರು ಬೆಡ್‌ರೂಮು, ಬಿಸಿಲು ಚೆನ್ನಾಗಿ ಬೀಳತ್ತೆ."

ಆಂಟಿ ಜಾಮ್ ಡಬ್ಬಿ ಮಾತ್ರ ಇಸಿದುಕೊಂಡರು.

"ನನ್ನೇನು ದಡ್ಡಿ ಅನ್ಕೊಂಡ್ಯೇನೋ? ಹೋಗ್, ಸರದೀಲಿ ನಿಂತ್ಕೋ."