ವಸಡಿನ ನಿವಾಸಿಗಳು

ಟ್ರಂಪೆಟ್ಟಿಗೆ ಹಾಕುವ ಎಣ್ಣೆಯ ಶೀಷೆಯ ಮುಚ್ಚಳ ಬಿಗಿಯಾಗಿತ್ತು. ಕೈಗೆ ಬಗ್ಗಲಿಲ್ಲವೆಂದು ನಮ್ಮ ವಾದಕರು ಬಾಯಿ ಹಾಕಿದರು. ಮುಚ್ಚಳ ಅಲ್ಲಾಡಲಿಲ್ಲ, ಮುಂದಿನ ಹಲ್ಲು ಅರ್ಧಕ್ಕೆ ಮುರಿದು ಅಂಗೈಗೆ ಬಂತು.

ವರ್ಷಗಟ್ಟಲೆ ವಾದ್ಯವೃಂದದ ಕೊನೆಯ ಸಾಲಿನಲ್ಲಿ ಕೂತು ಊದಿದವರಿಗೆ ನಾಳೆ ಸಂಜೆ ಮೊದಲ ಸಲ ಎದ್ದು ನಿಂತು ಒಬ್ಬರೇ ಊದುವ ಭಾಗ್ಯ ಬಂದಿತ್ತು. ಮುಂದಿನ ಹಲ್ಲಿಲ್ಲದೆ ಟ್ರಂಪೆಟ್ ಊದುವುದೆಂದರೆ ತೂತು ಬಿದ್ದ ಟ್ಯೂಬಿಗೆ ಗಾಳಿ ಹೊಡೆದ ಹಾಗೆ.

ಸುದ್ದಿ ಗೋಡೆ ದಾಟಲು ಎಷ್ಟು ಹೊತ್ತು? ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಓಡಿ ಬಂದರು. ವಾದಕರ ಭಾವಮೈದ ಆಗಲೇ ಬಂದು ಕೂತಿದ್ದ.

“ಇಂಪ್ಲಾಂಟ್ ಹಾಕಿಸಿ ಭಾವ. ಮುರಿದ ಹಲ್ಲಿನ ಬೇರು ಕಿತ್ತು, ಆ ಗುಂಡಿಗೇ ಇವತ್ತೇ ತಿರುಪು ಕೂರಿಸಿ ಹೊಸ ಹಲ್ಲು ಕೊಡ್ತಾರೆ!”

“ಏನಯ್ಯಾ ಅವಸರ?” ಎಂದರು ಮೇಷ್ಟ್ರು. “ಮೊದಲು ಗಾಯ ಮಾಗಬೇಕು. ಇಲ್ಲಾಂದ್ರೆ ಹಳೇ ಕ್ರಿಮಿಗಳೆಲ್ಲ ಹೊಸ ಹಲ್ಲಿನ ಸುತ್ತ ಮನೆ ಮಾಡ್ಕೋತಾವೆ.”

ಜಗಳ ಆಡುತ್ತಲೇ ಇಬ್ಬರೂ ಅವರನ್ನು ದಂತವೈದ್ಯೆಯ ಕುರ್ಚಿಗೆ ಸೇರಿಸಿದರು. ವಾದಕರು ವಿಷಯ ಹೇಳೋಣವೆಂದು ಬಾಯಿ ತೆರೆದರೆ ಆಕೆ ಅದರೊಳಗೆ ಕನ್ನಡಿ ತೂರಿಸಿದರು.

“ಇವತ್ತೇ ಇಂಪ್ಲಾಂಟ್ ಬೇಕಾ? ಯಾಕಿಷ್ಟು ಅವಸರ?” ಎಂದು ಕೇಳಿದರು.

“ನಾಳೆ ನೂರಾರು ಜನರ ಮುಂದೆ ನಿಲ್ಲಬೇಕು ಡಾಕ್ಟ್ರೇ,” ಎಂದ ಭಾವಮೈದ.

“ಯಾವಾಗ ಹಾಕ್ತೀವಿ ಅನ್ನೋದರ ಮೇಲೆ ವಸಡಿನ ಸುತ್ತ ಯಾರು ನೆಲೆಸ್ತಾರೆ ಅನ್ನೋದೂ ಬದಲಾಗಬಹುದು. ಈಗ ಯಾರ್ಯಾರಿದ್ದಾರೆ, ನೋಡೋಣ.” ಆಕೆ ವಸಡಿನಂಚಿನಿಂದ ಚೂರೇ ಚೂರು ಲೋಳೆ ಕೆರೆದು, ಸೂಕ್ಷ್ಮದರ್ಶಕದ ಕೆಳಗಿಟ್ಟು, ಅದನ್ನು ತೋರಿಸುವ ಗೋಡೆಯ ಟೀವಿ ಪರದೆ ಹಚ್ಚಿದರು.

ವಾದಕರು ಕುರ್ಚಿಯಿಂದಲೇ ಕತ್ತು ಚಾಚಿದರು. ಕಡ್ಡಿಯಂಥವು ತೇಲುತ್ತಿದ್ದವು, ಗುಂಡನೆಯವು ಗುಂಪುಗಟ್ಟಿ ನಡುಗುತ್ತಿದ್ದವು, ನಡುವೆ ಎಲ್ಲೋ ಒಂದು ಸುರುಳಿ ಗಿರ್ರನೆ ತಿರುಗುತ್ತ ದಾರಿ ಬಿಡಿಸಿಕೊಂಡು ಹೋಗುತ್ತಿತ್ತು. ಒಂದಕ್ಕೂ ಬಿಡುವಿಲ್ಲ, ಒಂದಕ್ಕೂ ಸದ್ದಿಲ್ಲ. ತಾನು ನಿದ್ದೆ ಹೊಡೆಯುವಾಗ, ತಪ್ಪು ಸ್ವರ ಊದಿ ಬೈಸಿಕೊಳ್ಳುವಾಗ, ಆಗೆಲ್ಲ ಇವು ಹೀಗೇ ಬದುಕುತ್ತಿದ್ದವೇ! ತನ್ನ ವಾದ್ಯವೃಂದಕ್ಕೆ ಅರ್ಧ ಸಭಾಂಗಣ ತುಂಬುವುದಿಲ್ಲ. ಇಲ್ಲಿ ಸಾಸಿವೆಯಷ್ಟು ಜಾಗದಲ್ಲಿ ಕಾಲಿಡಲು ತೆರಪಿಲ್ಲ. ಅವರ ಕಣ್ಣು ತುಂಬಿ ಬಂತು. ಅದು ಹೆದರಿಕೆಯಲ್ಲ, ಬರೀ ಬೆರಗು.

ಮೇಷ್ಟ್ರು ಕೈ ಮುಗಿದುಬಿಟ್ಟರು. “ಅಬ್ಬಬ್ಬಾ! ಇಷ್ಟು ವರ್ಷ ಇವರೊಬ್ಬರ ಜೊತೆ ಮಾತಾಡ್ತಿದ್ದೀನಿ ಅಂದ್ಕೊಂಡಿದ್ದೆ.”

“ಊರು ದೊಡ್ಡದು, ಪುಂಡರು ಕಮ್ಮಿ,” ಎಂದರು ವೈದ್ಯೆ. “ಸೋಂಕೂ ಇಲ್ಲ. ಇವತ್ತೇ ಹಾಕಬಹುದು. ಆಗಬಹುದಾ?”

ಪರದೆಯಿಂದ ಕಣ್ಣು ಕೀಳದೆ ವಾದಕರು ತಲೆಯಾಡಿಸಿದರು. ಆ ಗಳಿಗೆಯಲ್ಲಿ ಉಳಿದ ಹಲ್ಲುಗಳನ್ನು ಕೇಳಿದ್ದರೂ ಕೊಟ್ಟುಬಿಡುತ್ತಿದ್ದರು.

ಸಂಜೆಯ ಹೊತ್ತಿಗೆ ಬೇರು ಕಿತ್ತು ಬಂತು, ತಿರುಪು ಕೂತಿತು, ಮೇಲೊಂದು ತಾತ್ಕಾಲಿಕ ಹಲ್ಲೂ ಹೊಳೆಯಿತು. ಭಾವಮೈದ ಮೀಸೆ ತಿರುವಿದ.

“ನಾಳೆ ಧಾರಾಳವಾಗಿ ನಗಿ,” ಎಂದರು ವೈದ್ಯೆ. “ಮೂರು ತಿಂಗಳು ಮಾತ್ರ ಆ ಹಲ್ಲಿನ ಮೇಲೆ ಯಾವ ಒತ್ತಡವೂ ಬೀಳಬಾರದು.”

ವಾದಕರು ಮರಗಟ್ಟಿದ ತುಟಿಯಲ್ಲೇ ಕೇಳಿದರು, “ಟ್ರಂಪೆಟ್ ಊದಬಹುದಲ್ವಾ?”

ಕೈಗವಸು ಕಳಚುತ್ತಿದ್ದ ವೈದ್ಯೆ ಹಾಗೇ ನಿಂತರು. “ಟ್ರಂಪೆಟ್ಟಾ? ಸಾಧ್ಯವೇ ಇಲ್ಲ! ಯಾರೂ ಹೇಳ್ಲೇ ಇಲ್ವಲ್ರೀ! ಗೊತ್ತಿದ್ರೆ ಬೇರು ಮುಟ್ತಾನೇ ಇರ್ಲಿಲ್ಲ. ಮುರಿದ ಹಲ್ಲಿಗೇ ಒಂದು ತುಂಡು ಅಂಟಿಸಿ, ನಾಳೆ ಊದಿ ಮುಗಿಸಿಯೇ ಬನ್ನಿ ಅಂತಿದ್ದೆ.”

ಮೇಷ್ಟ್ರು ಭಾವಮೈದನನ್ನು ನೋಡಿದರು. ಭಾವಮೈದ ಬಾಗಿಲು ನೋಡಿದ. ವಾದಕರಿಗೆ ತುಟಿ ಕಚ್ಚಿಕೊಂಡು ಅಳಬೇಕೆನಿಸಿತು. ಅದಕ್ಕೂ ಮೂರು ತಿಂಗಳು ಕಾಯಬೇಕಿತ್ತು.